ರೇಜ್ ಅಗೇನ್ಸ್ಟ್ ದ ಮಷೀನ್ ಮೊದಲ ಆಲ್ಬಂ: ಸಿಟ್ಟಿಗೂ ಒಂದು ತಾಳವಿದೆ

ಈ ಆಲ್ಬಂನ ಒಳಹೊದಿಕೆಯಲ್ಲಿ ಒಂದು ಸಾಲು ಅಚ್ಚಾಗಿದೆ: ಧ್ವನಿಮುದ್ರಣಕ್ಕೆ ಸ್ಯಾಂಪಲ್ (ಬೇರೆ ಮುದ್ರಣದಿಂದ ಎತ್ತಿದ ತುಣುಕು), ಕೀಬೋರ್ಡ್, ಸಿಂಥಸೈಜರ್ ಯಾವುದನ್ನೂ ಬಳಸಿಲ್ಲ. ಮೊದಲ ಸಲ ಕೇಳುವವರಿಗೆ ಇದನ್ನು ನಂಬುವುದು ಕಷ್ಟ. ಡಿಜೆ ರೆಕಾರ್ಡನ್ನು ಗೀರಿದಂಥ ಸದ್ದಿದೆ, ಸೈರನ್ ಕೂಗಿದಂತಿದೆ, ಯಂತ್ರ ತಡವರಿಸಿದಂಥ ಕಟಕಟ ಇದೆ. ಅಷ್ಟೂ ಹೊರಟಿದ್ದು ಆರು ತಂತಿಯ ಒಂದು ಗಿಟಾರಿನಿಂದ. ಪ್ರತಿಭಟನೆಯ ಹಾಡು ಎಂದರೆ ಮಾತು ಮುಖ್ಯ, ವಾದ್ಯ ಹಿಂದೆ ನಿಂತರೆ ಸಾಕು ಎಂದುಕೊಂಡವರು ಈ ಆಲ್ಬಂನಿಂದ ಶುರು ಮಾಡಬೇಕು. ಇಲ್ಲಿ ವಾದ್ಯಗಳು ಸಾಹಿತ್ಯಕ್ಕಿಂತ ಚೆನ್ನಾಗಿ ವಾದ ಮಂಡಿಸುತ್ತವೆ. ಕೆಲವು ಕಡೆ ಸಾಹಿತ್ಯ ಸೋತರೂ ಹಾಡು ಸೋಲದಿರುವುದು ಅದರಿಂದಲೇ.

ಮೊದಲು ಸರಕಿನ ವಿವರ. ಲಾಸ್ ಏಂಜಲೀಸಿನ ತಂಡ, 1991ರಲ್ಲಿ ಶುರುವಾದದ್ದು. ನಾಲ್ಕೇ ಜನ: ಹಾಡುವವರು ಜ್ಯಾಕ್ ಡಿ ಲಾ ರೋಚಾ, ಗಿಟಾರ್ ಟಾಮ್ ಮೊರೆಲ್ಲೊ, ಬೇಸ್ ಟಿಮ್ ಕಮರ್ಫರ್ಡ್, ಡ್ರಮ್ಸ್ ಬ್ರಾಡ್ ವಿಲ್ಕ್. ಆಲ್ಬಂ ಹೊರಬಂದದ್ದು 1992ರ ನವೆಂಬರ್‌ನಲ್ಲಿ, ಎಪಿಕ್ ಕಂಪನಿಯಿಂದ. ತಂಡದ ಹೆಸರೇ ಆಲ್ಬಂಗೂ ಹೆಸರು. ಹತ್ತು ಹಾಡು, ಹತ್ತಿರಹತ್ತಿರ 53 ನಿಮಿಷ. ನಿರ್ಮಾಪಕ ಗಾರ್ತ್ ರಿಚರ್ಡ್‌ಸನ್, ಮಿಕ್ಸಿಂಗ್ ಆಂಡಿ ವ್ಯಾಲೇಸ್. ಮುದ್ರಣದ ಬಹುಪಾಲು ನಡೆದದ್ದು ವ್ಯಾನ್ ನೈಸ್‌ನ ಸೌಂಡ್ ಸಿಟಿ ಸ್ಟುಡಿಯೋದಲ್ಲಿ. ಹಿಂದಿನ ವರ್ಷ ನಿರ್ವಾಣ ತಂಡ ತನ್ನ ಹೆಸರಾಂತ ಆಲ್ಬಂ ಮುದ್ರಿಸಿದ್ದೂ ಅಲ್ಲಿಯೇ, ನೀವ್ ಎಂಬ ಕಂಪನಿಯ ಅದೇ ಮಿಕ್ಸಿಂಗ್ ಕನ್ಸೋಲಿನಲ್ಲಿ.

ಹೊದಿಕೆಯ ಚಿತ್ರವನ್ನು ಅಂಗಡಿಯಲ್ಲಿ ಒಮ್ಮೆ ಕಂಡವರು ಮರೆಯುವುದಿಲ್ಲ. 1963ರ ಜೂನ್ 11ರಂದು ಸೈಗಾನ್ ನಗರದ ರಸ್ತೆಯ ನಡುವೆ ಪದ್ಮಾಸನ ಹಾಕಿ ಕೂತು ಬೆಂಕಿ ಹಚ್ಚಿಕೊಂಡ ಬೌದ್ಧ ಭಿಕ್ಷು ಥಿಕ್ ಕ್ವಾಂಗ್ ಡುಕ್. ಅಂದಿನ ದಕ್ಷಿಣ ವಿಯೆಟ್ನಾಮಿನ ಡಿಯೆಮ್ ಸರ್ಕಾರ ಬೌದ್ಧರ ಮೇಲೆ ನಡೆಸುತ್ತಿದ್ದ ದಬ್ಬಾಳಿಕೆಯ ವಿರುದ್ಧ ಆತನ ಪ್ರತಿಭಟನೆ ಅದು. ಚಿತ್ರ ತೆಗೆದವರು ಅಸೋಸಿಯೇಟೆಡ್ ಪ್ರೆಸ್‌ನ ಮಾಲ್ಕಮ್ ಬ್ರೌನ್. ಒಬ್ಬ ಮನುಷ್ಯ ಉರಿಯುತ್ತಿದ್ದಾನೆ, ಅಲುಗಾಡುತ್ತಿಲ್ಲ. ಆಲ್ಬಂನ ಒಳಗಿರುವ ಸಂಗೀತಕ್ಕೆ ಇಷ್ಟು ಹೊಂದುವ ಚಿತ್ರ ಸಿಗುವುದು ಅಪರೂಪ, ಏಕೆಂದರೆ ಇಲ್ಲಿ ಕೂಗಾಟಕ್ಕಿಂತ ಹಿಡಿತ ದೊಡ್ಡದು.

ಆ ಹಿಡಿತ ಎಲ್ಲಿಂದ ಬಂತು ಎನ್ನುವುದಕ್ಕೆ ಮುದ್ರಣದ ರೀತಿಯೇ ಉತ್ತರ. ಬೇರೆ ಬೇರೆ ಕೋಣೆಯಲ್ಲಿ ಬೇರೆ ಬೇರೆ ದಿನ ನುಡಿಸಿ ಆಮೇಲೆ ಹೊಲಿದು ಕೂಡಿಸುವ ಪದ್ಧತಿಯನ್ನು ರಿಚರ್ಡ್‌ಸನ್ ಬದಿಗಿಟ್ಟರು. ಸ್ಟುಡಿಯೋದೊಳಗೆ ಸಂಗೀತ ಕಚೇರಿಗೆ ಹಾಕುವಂಥ ದೊಡ್ಡ ಸ್ಪೀಕರುಗಳನ್ನೇ ನಿಲ್ಲಿಸಿ, ನಾಲ್ವರನ್ನೂ ಒಟ್ಟಿಗೆ ನುಡಿಸಲು ಬಿಟ್ಟರು. ಹಾಗೆ ನುಡಿಸಿದಾಗ ಒಂದು ಅಪಾಯವಿದೆ: ಒಬ್ಬರ ಮೈಕಿನೊಳಕ್ಕೆ ಇನ್ನೊಬ್ಬರ ಸದ್ದು ನುಗ್ಗುತ್ತದೆ, ಒಬ್ಬರ ತಪ್ಪನ್ನು ಮಾತ್ರ ತಿದ್ದಲು ಆಗುವುದಿಲ್ಲ. ಲಾಭವೂ ಅಲ್ಲೇ ಇದೆ. ನಾಲ್ವರೂ ಒಂದೇ ಕ್ಷಣದಲ್ಲಿ ನಿಲ್ಲುತ್ತಾರೆ, ಒಂದೇ ಕ್ಷಣದಲ್ಲಿ ಹೊಡೆಯುತ್ತಾರೆ. ನಡುವೆ ಅರೆ ಕ್ಷಣದ ಖಾಲಿ ಜಾಗ ಬೀಳುತ್ತದೆ. ಜಾಥಾದಲ್ಲಿ ತಮಟೆ ತಟಕ್ಕನೆ ನಿಂತು, ಜನ ಉಸಿರು ಬಿಗಿಹಿಡಿದು, ಮತ್ತೆ ತಮಟೆ ಬಿದ್ದಾಗ ಮೈ ಜುಮ್ಮೆನ್ನುವುದನ್ನು ಬಲ್ಲವರಿಗೆ ಈ ತಂತ್ರವನ್ನು ವಿವರಿಸಬೇಕಾಗಿಲ್ಲ. ರಾಕ್ ಸಂಗೀತದಲ್ಲಿ ಬಿಡುವನ್ನು ಇಷ್ಟು ಲೆಕ್ಕವಿಟ್ಟು ಬಳಸಿದವರು ಕಡಿಮೆ.

ಎರಡನೇ ಹಾಡು ‘ಕಿಲ್ಲಿಂಗ್ ಇನ್ ದ ನೇಮ್’ ಇದಕ್ಕೆ ಮಾದರಿ. 1991ರ ಮಾರ್ಚ್ 3ರಂದು ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣೀಯನನ್ನು ಬಡಿದದ್ದು ವಿಡಿಯೋದಲ್ಲಿ ಸೆರೆಯಾಯಿತು. 1992ರ ಏಪ್ರಿಲ್ 29ರಂದು ಆ ಪೊಲೀಸರು ಖುಲಾಸೆಯಾದರು, ನಗರ ಹೊತ್ತಿ ಉರಿಯಿತು. ಹಾಡು ಹುಟ್ಟಿದ್ದು ಈ ಎರಡು ದಿನಾಂಕಗಳ ನಡುವೆ. ಪೊಲೀಸ್ ಪಡೆಯೊಳಗೆ ಕೂತಿರುವ ಜನಾಂಗದ್ವೇಷವೇ ವಸ್ತು. ಆದರೆ ಸಾಹಿತ್ಯ ಎಷ್ಟಿದೆ? ಬೆರಳೆಣಿಕೆಯ ಸಾಲು. ಕಥೆಯಿಲ್ಲ, ವಿವರಣೆಯಿಲ್ಲ. ಕೊನೆಗೆ, ನೀನು ಹೇಳಿದ್ದನ್ನು ನಾನು ಮಾಡುವುದಿಲ್ಲ ಎಂಬರ್ಥದ ಒಂದೇ ಸಾಲು, ಬೈಗುಳದ ಸಮೇತ, 16 ಸಲ ಬರುತ್ತದೆ. ಮೊದಲು ಹಲ್ಲು ಕಚ್ಚಿ ಗೊಣಗಿದಂತೆ, ಕೊನೆಗೆ ಗಂಟಲು ಹರಿಯುವಂತೆ. ಪುನರಾವೃತ್ತಿ ಬೇಸರ ತರಿಸದಿರಲು ಕಾರಣ ಡ್ರಮ್ಸ್. ವಿಲ್ಕ್ ಅಲ್ಲಿ ವೇಗ ಹೆಚ್ಚಿಸುವುದಿಲ್ಲ, ತೂಕ ಹೆಚ್ಚಿಸುತ್ತಾರೆ. ಲಯ ಒಂದು ಕೂದಲೆಳೆಯಷ್ಟು ಓಡಿದ್ದರೂ ಇದು ಮಾಮೂಲಿ ಗದ್ದಲವಾಗುತ್ತಿತ್ತು.

(ಆಫೀಸಿನಲ್ಲೋ ಮಕ್ಕಳಿರುವ ಕಾರಿನಲ್ಲೋ ಹಾಕುವವರಿಗೆ ಒಂದು ಎಚ್ಚರಿಕೆ. ಇಡೀ ಹಾಡಿನಲ್ಲಿ ಆ ಬೈಗುಳ ಒಟ್ಟು 17 ಬಾರಿ ಬರುತ್ತದೆ. 1993ರ ಫೆಬ್ರವರಿಯಲ್ಲಿ ಬಿಬಿಸಿ ರೇಡಿಯೋ 1 ಕೈತಪ್ಪಿ ಕತ್ತರಿ ಹಾಕದ ಪ್ರತಿಯನ್ನೇ ಬಿತ್ತರಿಸಿ 138 ದೂರು ಪಡೆಯಿತು. ಕತ್ತರಿಸಿದ ಪ್ರತಿಯನ್ನು ಹುಡುಕಿ ಹಾಕುವುದೂ ವ್ಯರ್ಥ. ಕೊನೆಯ ಭಾಗವೇ ಹೋದಮೇಲೆ ಉಳಿಯುವುದು ಪಲ್ಯವಿಲ್ಲದ ಮಸಾಲೆ ದೋಸೆ.)

ಗಿಟಾರ್ ಕಲಿಯುವವರು ಹೆಚ್ಚಾಗಿ ಮೊದಲು ಕೈಹಾಕುವುದೂ ಇದಕ್ಕೇ, ಮೊದಲು ಕೆಡಿಸುವುದೂ ಇದನ್ನೇ. ಶ್ರುತಿ ‘ಡ್ರಾಪ್ ಡಿ’. ಮೊರೆಲ್ಲೊ ಒಬ್ಬ ಶಿಷ್ಯನಿಗೆ ಈ ಶ್ರುತಿಯನ್ನು ಕಲಿಸುತ್ತಿದ್ದಾಗಲೇ ಈ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಹೊಳೆದು, ಪಾಠ ನಿಲ್ಲಿಸಿ ಟೇಪಿಗೆ ಹಾಕಿಕೊಂಡರಂತೆ. ಮಾಡುವ ಕ್ರಮ ಸುಲಭ. ಆರನೇ ತಂತಿ, ಅಂದರೆ ಅತಿ ದಪ್ಪನೆಯದು, ಮಾಮೂಲಾಗಿ ‘ಇ’ ಸ್ವರದಲ್ಲಿ, 82.4 ಹರ್ಟ್ಸ್‌ನಲ್ಲಿರುತ್ತದೆ. ಅದನ್ನು ‘ಡಿ’ಗೆ, 73.4 ಹರ್ಟ್ಸ್‌ಗೆ ಇಳಿಸಬೇಕು. ನಾಲ್ಕನೇ ತಂತಿ ಅದರದೇ ಒಂದು ಸ್ಥಾಯಿ ಮೇಲಿನ ‘ಡಿ’. ಎರಡನ್ನೂ ಒಟ್ಟಿಗೆ ಮೀಟಿ, ಬಿರಡೆ ಸಡಿಲಿಸುತ್ತಾ ಹೋಗಿ. ನಾದದಲ್ಲಿ ಅಲೆಯಂಥ ಕಂಪನ ಕೇಳಿಸುತ್ತದೆ. ಅದು ನಿಧಾನವಾಗಿ ನಿಂತುಹೋದಾಗ ಶ್ರುತಿ ಸೇರಿದೆ. ಒಂದು ಗುಟ್ಟು: ಬೇಕಾದ್ದಕ್ಕಿಂತ ತುಸು ಕೆಳಗಿಳಿಸಿ, ಆಮೇಲೆ ಬಿಗಿಮಾಡುತ್ತಾ ಮೇಲೆ ಬನ್ನಿ. ಮೇಲಿನಿಂದ ಇಳಿಸಿ ಅಲ್ಲೇ ಬಿಟ್ಟರೆ ಬಿರಡೆಯ ಹಲ್ಲುಗಳಲ್ಲಿ ಸಡಿಲ ಉಳಿದು, ನಾಲ್ಕು ಸಲ ಜೋರಾಗಿ ಹೊಡೆಯುವಷ್ಟರಲ್ಲಿ ತಂತಿ ಇನ್ನೂ ಇಳಿಯುತ್ತದೆ.

ಇದಾದಮೇಲೆ ಅತಿ ದಪ್ಪನೆಯ ಮೂರು ತಂತಿಗಳನ್ನು ಒಂದೇ ಬೆರಳಲ್ಲಿ ಒತ್ತಿದರೆ ಪವರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಸಿದ್ಧ. ಬೆರಳನ್ನು ಜರುಗಿಸಿದರೆ ಸಾಕು, ಕಾರ್ಡೂ ಜರುಗುತ್ತದೆ. ತಪ್ಪಾಗುವುದು ಮೂರು ಕಡೆ. ಒಂದು, ಸಡಿಲವಾದ ದಪ್ಪ ತಂತಿಯನ್ನು ಬಲವಾಗಿ ಒತ್ತಿದರೆ ಸ್ವರ ಏರಿ ಅಪಸ್ವರವಾಗುತ್ತದೆ. ಕೈ ಹಗುರವಿರಬೇಕು. ತೆಳ್ಳನೆಯ ತಂತಿ ಹಾಕಿದ್ದರೆ ದಪ್ಪ ತಂತಿ ಫ್ರೆಟ್ಟಿಗೆ ಬಡಿದು ಝರ್ ಎನ್ನುತ್ತದೆ, ಹೊಸಬರಿಗೆ 10ರಿಂದ 46ರ ಸೆಟ್ (ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ) ಒಳ್ಳೆಯದು. ಎರಡು, ತೇಲುವ ಟ್ರೆಮೊಲೊ, ಅಂದರೆ ಅಲುಗುವ ಸೇತುವೆ, ಇರುವ ಗಿಟಾರಿನಲ್ಲಿ ಈ ಕೆಲಸಕ್ಕೆ ಇಳಿಯುವುದು. ಅಂಥ ಗಿಟಾರಿನಲ್ಲಿ ತಂತಿಗಳ ಎಳೆತವೂ ಹಿಂದಿನ ಸ್ಪ್ರಿಂಗುಗಳ ಎಳೆತವೂ ತಕ್ಕಡಿಯಂತೆ ತೂಗಿಕೊಂಡಿರುತ್ತವೆ. ಒಂದು ತಂತಿ ಇಳಿಸಿದರೆ ಉಳಿದ ಐದೂ ಏರುತ್ತವೆ, ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ. ಮೊರೆಲ್ಲೊ ‘ಆರ್ಮ್ ದ ಹೋಮ್‌ಲೆಸ್’ ಎಂದು ಬರೆದ ತಮ್ಮ ಮುಖ್ಯ ಗಿಟಾರನ್ನು ಬದಿಗಿಟ್ಟು ಡ್ರಾಪ್ ಡಿ ಹಾಡುಗಳಿಗೆ ಗಟ್ಟಿ ಸೇತುವೆಯ ಟೆಲಿಕಾಸ್ಟರ್ ಎತ್ತಿಕೊಳ್ಳುವುದು ಶೋಕಿಗಲ್ಲ. ಮೂರು, ಮತ್ತು ಇದೇ ದೊಡ್ಡದು: ಡಿಸ್ಟಾರ್ಷನ್, ಅಂದರೆ ಸದ್ದನ್ನು ಬೇಕೆಂದೇ ಕದಡಿ ಕರ್ಕಶ ಮಾಡುವುದು, ಅತಿಯಾಗುವುದು. ಈ ಆಲ್ಬಂನಲ್ಲಿ ಗಿಟಾರಿನ ಕರ್ಕಶತೆ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಈ ಕರ್ಕಶತೆ ಹೆಚ್ಚಿಸುವ ಗೇನ್ ಗುಂಡಿಯನ್ನು ತಿರುಗಿಸಿ ತುದಿಗೆ ಇಟ್ಟರೆ ಎರಡು ಹೊಡೆತಗಳ ನಡುವಿನ ಖಾಲಿ ಜಾಗದಲ್ಲಿ ಸುಯ್ ಎಂಬ ಸದ್ದು ತುಂಬಿಕೊಳ್ಳುತ್ತದೆ. ಖಾಲಿ ಜಾಗ ಹೋಯಿತೆಂದರೆ ಹಾಡೂ ಹೋಯಿತು. ಆಂಪ್ಲಿಫೈಯರಿನ ಗೇನ್ ಅರ್ಧಕ್ಕೆ ಇಟ್ಟು, ಬಲಗೈ ಹೊಡೆತದಿಂದ ಜೋರು ತನ್ನಿ. ನುಡಿಸದ ತಂತಿಗಳ ಮೇಲೆ ಎಡಗೈಯ ಉಳಿದ ಬೆರಳು ಮಲಗಿರಲಿ.

ಮೊರೆಲ್ಲೊ ಬಳಸಿದ ಸಾಮಾನಿನ ಪಟ್ಟಿ ಚಿಕ್ಕದು. ಮಾರ್ಷಲ್ ಜೆಸಿಎಂ 800 ಮಾದರಿಯ 50 ವ್ಯಾಟ್ ಆಂಪ್ಲಿಫೈಯರ್, ಪೀವಿಯ ನಾಲ್ಕು 12 ಇಂಚಿನ ಸ್ಪೀಕರಿನ ಪೆಟ್ಟಿಗೆ, ಡಿಜಿಟೆಕ್ ವ್ಯಾಮಿ ಪೆಡಲ್ (ಕಾಲಿನಿಂದ ಒತ್ತಿ ಸ್ವರವನ್ನು ಏರಿಸಿ ಇಳಿಸುವುದು), ಒಂದು ವಾ ಪೆಡಲ್, ಪ್ರತಿಧ್ವನಿಗೆ ಒಂದು ಡಿಲೇ, ಒಂದು ಈಕ್ವಲೈಜರ್. ಮೂವತ್ತು ವರ್ಷ ಹೆಚ್ಚುಕಡಿಮೆ ಇದೇ. ಪೆಡಲ್ ಕೊಳ್ಳುವ ಚಟ ಹತ್ತಿದವರು ಈ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡರೆ ದುಡ್ಡು ಉಳಿದೀತು.

‘ಕಿಲ್ಲಿಂಗ್ ಇನ್ ದ ನೇಮ್’ನ ಸೋಲೋದಲ್ಲಿ ಕೇಳುವ ಚೀರಾಟ ವ್ಯಾಮಿಯದು. ಪೆಡಲನ್ನು ಎರಡು ಸ್ಥಾಯಿ ಮೇಲಕ್ಕೆ ಇಟ್ಟುಕೊಂಡು, ಹಿಮ್ಮಡಿ ಒತ್ತಿದಾಗ ಮೂಲ ಸ್ವರ, ಮುಂಗಾಲು ಒತ್ತಿದಾಗ ಎರಡು ಸ್ಥಾಯಿ ಮೇಲಿನದು. ಕಾಲು ತಾಳ ಹಾಕಿದಂತೆ ಲೆಕ್ಕವಾಗಿ ಬೀಳಬೇಕು. ಕಾಲು ತಡವಾದರೆ ಮೂಲ ಸ್ವರ ಇಣುಕಿ ಎಲ್ಲ ಜಾರಿದಂತೆ ಕೇಳುತ್ತದೆ. ಪೆಡಲನ್ನು ಡಿಸ್ಟಾರ್ಷನ್ ಆದಮೇಲೆ ಇಡಬೇಡಿ, ಮೊದಲು ಇಡಿ. ಅದು ಸ್ವರವನ್ನು ಗುರುತಿಸಿ ಎತ್ತುವ ಯಂತ್ರ, ಕದಡಿದ ಸದ್ದನ್ನು ಕೊಟ್ಟರೆ ಗುರುತಿಸಲಾಗದೆ ತೊದಲುತ್ತದೆ. ಹಳೆಯ ಮಾದರಿಗೆ ಒಂದು ಸಲಕ್ಕೆ ಒಂದೇ ಸ್ವರ ಕೊಡಿ, ಕಾರ್ಡ್ ಕೊಟ್ಟರೂ ತೊದಲುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇನ್ನೊಂದನ್ನು ನೋಡಬೇಕು: ಹಳೆಯ ವ್ಯಾಮಿಗಳಿಗೆ ಬೇಕಾದದ್ದು 9 ವೋಲ್ಟ್ ಎಸಿ ಅಡಾಪ್ಟರ್. ಉಳಿದ ಪೆಡಲ್‌ಗಳ ಡಿಸಿ ಅಡಾಪ್ಟರ್ ಚುಚ್ಚಿ, ‘ಕೆಟ್ಟಿದೆ’ ಎಂದು ವಾಪಸ್ ಕೊಡುವವರು ಇದ್ದಾರೆ.

‘ನೋ ಯುವರ್ ಎನಿಮಿ’ಯ ಆರಂಭದಲ್ಲಿ ಸದ್ದು ತುಂಡುತುಂಡಾಗಿ ಬರುತ್ತದಲ್ಲ, ಅದಕ್ಕೆ ಯಾವ ಪೆಡಲೂ ಕಾರಣವಲ್ಲ. ತಂತಿಯ ಕಂಪನವನ್ನು ಹಿಡಿಯುವ ಗಿಟಾರಿನ ಎರಡು ಪಿಕಪ್‌ಗಳಲ್ಲಿ ಒಂದರ ವಾಲ್ಯೂಮ್ ಸೊನ್ನೆ, ಇನ್ನೊಂದರದು ಹತ್ತು. ಎಡಗೈ ಸ್ವರ ಹಿಡಿದಿರುತ್ತದೆ, ಬಲಗೈ ತಂತಿ ಮೀಟುವ ಬದಲು ಪಿಕಪ್ ಬದಲಿಸುವ ಸ್ವಿಚ್ಚನ್ನು ಆಚೀಚೆ ತಟ್ಟುತ್ತದೆ. ಸದ್ದು, ಮೌನ, ಸದ್ದು, ಮೌನ. ಬಡ ಶಾಲೆಯ ಬೆಂಚಿನ ಮೇಲೆ ಹುಡುಗರು ತಾಳ ಹಾಕಿದಷ್ಟು ಸರಳ. ಇದಕ್ಕೆ ಪ್ರತಿ ಪಿಕಪ್ಪಿಗೂ ಬೇರೆ ವಾಲ್ಯೂಮ್ ಗುಂಡಿ ಇರುವ ಗಿಟಾರ್ ಬೇಕು. ಒಂದೇ ವಾಲ್ಯೂಮ್ ಇರುವ ಸ್ಟ್ರಾಟೊಕಾಸ್ಟರ್ ಬಗೆಯದರಲ್ಲಿ ಆಗುವುದಿಲ್ಲ, ಸದ್ದು ಕಡಿಯುವ ಗುಂಡಿಯೊಂದನ್ನು ಬೇರೆಯಾಗಿ ಬೆಸುಗೆ ಹಾಕಿಸಬೇಕು. ಅಗ್ಗದ ಸ್ವಿಚ್ಚಾದರೆ ಕೆಲವೇ ತಿಂಗಳಲ್ಲಿ ಸವೆದು ಚಟಪಟ ಎನ್ನುತ್ತದೆ. ಇದೇ ಹಾಡಿನ ನಡುವೆ ಬೇರೊಂದು ದನಿ ಕೇಳಿಸಿದರೆ ಗಾಬರಿ ಬೇಡ, ಅದು ಟೂಲ್ ತಂಡದ ಮೇನಾರ್ಡ್ ಜೇಮ್ಸ್ ಕೀನನ್.

ಈಗ ಉಳಿದ ಹಾಡುಗಳು. ‘ಟೇಕ್ ದ ಪವರ್ ಬ್ಯಾಕ್’ ಶಾಲೆಯ ಪಠ್ಯದ ಮೇಲಿನ ಹಾಡು. ಯುರೋಪಿನವರ ಚರಿತ್ರೆಯೊಂದನ್ನೇ ಎಲ್ಲರ ಚರಿತ್ರೆ ಎಂದು ಉಣಿಸುವುದರ ವಿರುದ್ಧ. ಪಠ್ಯಪುಸ್ತಕದಲ್ಲಿ ಯಾರಿರಬೇಕು ಯಾರನ್ನು ತೆಗೆಯಬೇಕು ಎಂಬ ಜಗಳವನ್ನು ಬೀದಿಯಲ್ಲೇ ಕಂಡಿರುವ ಕರ್ನಾಟಕದವರಿಗೆ ಇದರ ಬಿಸಿ ಬೇಗ ತಾಗೀತು. ಬೇಸ್ ಇಲ್ಲಿ ಮುಂದೆ ನಿಂತಿದೆ. ಕಮರ್ಫರ್ಡ್ ಹೆಬ್ಬೆರಳಿನಿಂದ ತಂತಿಯನ್ನು ಬಡಿದು ನುಡಿಸುವುದು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ‘ಬುಲೆಟ್ ಇನ್ ದ ಹೆಡ್’ 1991ರ ಕೊಲ್ಲಿ ಯುದ್ಧದ ಹೊತ್ತಿನ ಟಿವಿಯ ಬಗ್ಗೆ. ತಣ್ಣಗೆ ಶುರುವಾಗಿ, ಮೂರು ನಿಮಿಷ ತಡೆದಿಟ್ಟು, ಕೊನೆಯಲ್ಲಿ ಕಟ್ಟೆ ಒಡೆಯುತ್ತದೆ. ಆಲ್ಬಂನ ಅತ್ಯುತ್ತಮ ಹಾಡು ಯಾವುದೆಂದರೆ ಇದೇ. ‘ಕಿಲ್ಲಿಂಗ್’ ಪ್ರಸಿದ್ಧ, ಇದು ಉತ್ತಮ.

‘ವೇಕ್ ಅಪ್’ ಅರ್ಥವಾಗಬೇಕಾದರೆ ಒಂದಿಷ್ಟು ಚರಿತ್ರೆ ಗೊತ್ತಿರಬೇಕು. ಅಮೆರಿಕದ ಎಫ್‌ಬಿಐ 1956ರಿಂದ 1971ರವರೆಗೆ ಕಾಯಿಂಟೆಲ್‌ಪ್ರೊ ಎಂಬ ಗುಪ್ತ ಕಾರ್ಯಕ್ರಮ ನಡೆಸಿ, ನಾಗರಿಕ ಹಕ್ಕಿನ ಹೋರಾಟಗಾರರ ಮೇಲೆ ಬೇಹುಗಾರಿಕೆ ಮಾಡಿ, ಅವರ ಸಂಘಟನೆಗಳನ್ನು ಒಳಗಿಂದ ಒಡೆಯುವ ಕೆಲಸ ಮಾಡಿತು. ಮಾರ್ಟಿನ್ ಲೂಥರ್ ಕಿಂಗ್ ಕೂಡ ಗುರಿಯಾಗಿದ್ದವರು. 1971ರ ಮಾರ್ಚ್ 8ರಂದು ಕೆಲವು ಕಾರ್ಯಕರ್ತರು ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನ ಎಫ್‌ಬಿಐ ಕಚೇರಿಗೆ ನುಗ್ಗಿ ಕಡತ ಹೊತ್ತೊಯ್ದು ಪತ್ರಿಕೆಗಳಿಗೆ ಕಳಿಸಿದ ಮೇಲಷ್ಟೇ ಇದು ಬಯಲಾಯಿತು. ಹಾಡಿನ ನಡುವೆ ಡಿ ಲಾ ರೋಚಾ ರಾಗ ಬಿಟ್ಟು, ಕಡತ ಓದುವ ಗುಮಾಸ್ತನ ಧಾಟಿಗೆ ಇಳಿಯುವುದು ಆ ದಾಖಲೆಗಳ ನೆರಳು. 1999ರ ‘ದ ಮೇಟ್ರಿಕ್ಸ್’ ಸಿನಿಮಾದ ಕೊನೆಗೆ ಬರುವುದು ಇದೇ ಹಾಡು. ಸಿನಿಮಾದಿಂದ ಬಂದವರು ಅದನ್ನು ವಿಜ್ಞಾನ ಕಥೆಯ ಹಾಡೆಂದೇ ತಿಳಿದಿರುತ್ತಾರೆ.

‘ಟೌನ್‌ಶಿಪ್ ರೆಬೆಲಿಯನ್’ ಜೋಹಾನ್ಸ್‌ಬರ್ಗ್ ಮತ್ತು ಲಾಸ್ ಏಂಜಲೀಸಿನ ಸೌತ್ ಸೆಂಟ್ರಲ್ ಬಡಾವಣೆಯನ್ನು ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ, ಚುರುಕಾಗಿದೆ. ‘ಬಾಂಬ್‌ಟ್ರ್ಯಾಕ್’ ಬಾಗಿಲು ಒದ್ದು ಒಳಬರುವ ಹಾಡು, ಆಲ್ಬಂನ ಮೊದಲಿಗೆ ಸರಿಯಾಗಿದೆ. ‘ಸೆಟಲ್ ಫಾರ್ ನಥಿಂಗ್’ ನಿಧಾನ. ಅದರ ಪಿಸುಮಾತು ಕಿರುಚಾಟಗಳ ಅದಲುಬದಲು ಊಹಿಸಿದಂತೆಯೇ ನಡೆಯುತ್ತದೆ. ‘ಫಿಸ್ಟ್‌ಫುಲ್ ಆಫ್ ಸ್ಟೀಲ್’ ತುಂಬಲು ಹಾಕಿದ ಹಾಡು. ಮೈಕೇ ನನ್ನ ಆಯುಧ ಎಂಬ ಒಂದೇ ರೂಪಕವನ್ನು ಐದೂವರೆ ನಿಮಿಷ ಜಗ್ಗಿದ್ದಾರೆ.

ಸಾಹಿತ್ಯದ ಮುಖ್ಯ ಕೊರತೆಯೂ ಅದೇ. ಡಿ ಲಾ ರೋಚಾಗೆ ಹೇಳುವುದು ಗೊತ್ತು, ಕಾಣಿಸುವುದು ಅಷ್ಟಾಗಿ ಬರುವುದಿಲ್ಲ. ವ್ಯವಸ್ಥೆ, ಸುಳ್ಳು, ಸರಪಳಿ, ಬೆಂಕಿ ಎಂಬ ಪದಗಳು ಹಾಡಿನಿಂದ ಹಾಡಿಗೆ ಜಿಗಿಯುತ್ತವೆ. ಒಬ್ಬ ಕೂಲಿಯ ಮುಖವೋ ಒಂದು ಬೀದಿಯ ಹೆಸರೋ ಅಪರೂಪ. ಆತನ ತಂದೆ ಬೆಟೊ ಡಿ ಲಾ ರೋಚಾ ‘ಲಾಸ್ ಫೋರ್’ ಎಂಬ ಮೆಕ್ಸಿಕನ್ ಅಮೆರಿಕನ್ ಚಿತ್ರಕಾರರ ಗುಂಪಿನವರು, ಮಗನ ಹಾಡಿನಲ್ಲಿ ಚಿತ್ರಗಳು ಇಷ್ಟು ಕಡಿಮೆ ಇರುವುದು ವಿಚಿತ್ರ. ಮುಂದಿನ ಆಲ್ಬಂಗಳಲ್ಲಿ ಇದು ಸುಧಾರಿಸಿತು.

ಇನ್ನೊಂದು ದೋಷವನ್ನು ಅಭಿಮಾನಿಗಳು ಮುಚ್ಚಿಡುತ್ತಾರೆ. ‘ಬಾಂಬ್‌ಟ್ರ್ಯಾಕ್’ ಹಾಡಿನ ವಿಡಿಯೋ ಪೆರು ದೇಶದ ಶೈನಿಂಗ್ ಪಾತ್ ಎಂಬ ಮಾವೋವಾದಿ ಸಂಘಟನೆಯ ಗೆರಿಲ್ಲಾಗಳನ್ನೂ ಅವರ ನಾಯಕ ಗುಸ್ಮಾನ್‌ನನ್ನೂ ಮೆಚ್ಚುಗೆಯಿಂದ ತೋರಿಸಿತು. ಮೊರೆಲ್ಲೊ ಅವರ ಟೆಲಿಕಾಸ್ಟರಿನ ಮೇಲೆ ಬರೆದಿರುವುದೂ ಅದೇ ಸಂಘಟನೆಯ ಸ್ಪ್ಯಾನಿಷ್ ಹೆಸರು, ‘ಸೆಂದೆರೊ ಲುಮಿನೊಸೊ’. ಪೆರುವಿನ ಸತ್ಯ ಮತ್ತು ಸಂಧಾನ ಆಯೋಗ 2003ರಲ್ಲಿ ಕೊಟ್ಟ ವರದಿಯ ಪ್ರಕಾರ, ಆ ದೇಶದ ಒಳಗಿನ ಸಂಘರ್ಷದ ಬಗ್ಗೆ ತನಗೆ ದೂರು ಬಂದ ಸಾವುಗಳಲ್ಲಿ ಶೇಕಡಾ 54ರಷ್ಟು ಈ ಸಂಘಟನೆಯ ಕೈಯಿಂದಲೇ ಆದದ್ದು. ಸತ್ತವರಲ್ಲಿ ಹೆಚ್ಚಿನವರು ಬೆಟ್ಟದ ಕೆಚುವಾ ಭಾಷಿಕ ರೈತರು. ರೈತರ ಹೆಸರಲ್ಲಿ ರೈತರನ್ನೇ ಕೊಂದವರನ್ನು ಹೊಗಳುವುದು ಪ್ರತಿಭಟನೆಯ ಸಂಗೀತಕ್ಕೆ ಶೋಭೆಯಲ್ಲ. ದೂರದ ಬಂಡಾಯ ಯಾವಾಗಲೂ ನುಣ್ಣಗೆ ಕಾಣುತ್ತದೆ.

ಕಂಪನಿಯ ಪ್ರಶ್ನೆಯಂತೂ ಹಳೆಯದು. ಎಪಿಕ್ ಎಂದರೆ ಸೋನಿ. ಬಂಡವಾಳವನ್ನು ಬೈಯುತ್ತಾ ಬಹುರಾಷ್ಟ್ರೀಯ ಕಂಪನಿಯ ಸಂಬಳ ತಿನ್ನುವುದೇ ಎಂದು ಮೊದಲ ದಿನದಿಂದ ಕೇಳಿದರು. ಹೆಚ್ಚು ಜನಕ್ಕೆ ಮುಟ್ಟಲು ಇದು ದಾರಿ, ಹಾಡಿನ ಮೇಲಿನ ಅಧಿಕಾರವೆಲ್ಲ ನಮ್ಮದೇ ಎಂಬುದು ತಂಡದ ವಾದ. ಈ ತಮಾಷೆ ತುದಿಗೆ ಹೋದದ್ದು 2009ರ ಡಿಸೆಂಬರಿನಲ್ಲಿ. ಬ್ರಿಟನ್ನಿನ ಹಾಡುಗಳ ಮಾರಾಟ ಪಟ್ಟಿಯಲ್ಲಿ ಕ್ರಿಸ್‌ಮಸ್ ವಾರದ ಮೊದಲ ಸ್ಥಾನವನ್ನು ಎಕ್ಸ್ ಫ್ಯಾಕ್ಟರ್ ಟಿವಿ ಸ್ಪರ್ಧೆಯ ವಿಜೇತರೇ ವರ್ಷವರ್ಷವೂ ಬಾಚಿಕೊಳ್ಳುತ್ತಿದ್ದರು. ಬೇಸತ್ತ ಒಂದು ದಂಪತಿ ಫೇಸ್‌ಬುಕ್ಕಿನಲ್ಲಿ ಕರೆಕೊಟ್ಟರು, ಜನ ‘ಕಿಲ್ಲಿಂಗ್ ಇನ್ ದ ನೇಮ್’ ಕೊಂಡರು. 17 ವರ್ಷ ಹಳೆಯ ಹಾಡು ಐದು ಲಕ್ಷಕ್ಕೂ ಮೀರಿ ಡೌನ್‌ಲೋಡ್ ಆಗಿ ಸುಮಾರು 50,000 ಪ್ರತಿಗಳ ಅಂತರದಲ್ಲಿ ಗೆದ್ದಿತು. ಸೋತ ಹಾಡೂ ಸೋನಿಯದೇ. ಮನೆಯಿಲ್ಲದವರಿಗಾಗಿ ದುಡಿಯುವ ಶೆಲ್ಟರ್ ಸಂಸ್ಥೆಗೆ ಈ ನೆಪದಲ್ಲಿ ಹಣ ಹರಿದುಬಂತು, 2010ರ ಜೂನ್ 6ರಂದು ತಂಡ ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನಲ್ಲಿ ಬಿಟ್ಟಿ ಕಚೇರಿ ಕೊಟ್ಟಿತು. ಯಾರು ಗೆದ್ದರು ಎಂದು ಯಾರಿಗೆ ಬೇಕೋ ಅವರು ಲೆಕ್ಕ ಹಾಕಿಕೊಳ್ಳಲಿ.

ಯಾವ ರೂಪದಲ್ಲಿ ಕೊಳ್ಳಬೇಕು? ಸಿಡಿ ಕೊಳ್ಳಿ ಎಂಬುದು ನೇರ ಉತ್ತರ. ಎಲ್‌ಪಿ ತಟ್ಟೆಯ ಹೊದಿಕೆ ದೊಡ್ಡದು, ಚಿತ್ರ ಚೆನ್ನ, ಆದರೆ ಲೆಕ್ಕ ಕೈಕೊಡುತ್ತದೆ. ಒಂದು ಬದಿಗೆ ಹದಿನೆಂಟರಿಂದ ಇಪ್ಪತ್ತೆರಡು ನಿಮಿಷ ಇದ್ದರೆ ತಟ್ಟೆಗೆ ಹಿತ. ಈ ಆಲ್ಬಂ ಒಂದೇ ತಟ್ಟೆಯಲ್ಲಿ ಬಂದಾಗ ಮೊದಲ ಬದಿ ಸುಮಾರು 25 ನಿಮಿಷ, ಎರಡನೆಯದು 28. ಇಷ್ಟನ್ನು ತುರುಕಬೇಕಾದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಬೇಸ್ ಹೆಚ್ಚಿದ್ದಷ್ಟೂ ಗೀರು ಅಗಲ ಬೇಡುವುದರಿಂದ ಒಟ್ಟು ಮಟ್ಟವನ್ನೇ ಇಳಿಸಬೇಕಾಗುತ್ತದೆ. ಮಟ್ಟ ಇಳಿದಾಗ ತಟ್ಟೆಯ ಚಟಪಟ ಮೇಲೆ ಬರುತ್ತದೆ. ಅದೂ ಸಾಲದೆಂಬಂತೆ, 33⅓ ವೇಗದಲ್ಲಿ ಸುತ್ತುವ ತಟ್ಟೆಯ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಹಾದುಹೋದರೆ, ಒಳತುದಿಯಲ್ಲಿ ಹಾದುಹೋಗುವುದು ಸುಮಾರು 21 ಮಾತ್ರ. ಇಷ್ಟು ಕಡಿಮೆ ಜಾಗದಲ್ಲಿ ಅಷ್ಟೇ ವಿವರ ತುಂಬಿದಾಗ ಸ, ಶ, ಸಿಂಬಲ್ ಎಲ್ಲ ಹರಿದು ಕೇಳುತ್ತವೆ. ಎರಡು ಬದಿಯ ಒಳತುದಿಯಲ್ಲಿ ಏನಿದೆ ನೋಡಿ: ಒಂದರಲ್ಲಿ ‘ಬುಲೆಟ್ ಇನ್ ದ ಹೆಡ್’, ಇನ್ನೊಂದರಲ್ಲಿ ‘ಫ್ರೀಡಂ’. ಎರಡೂ ಕೊನೆಯ ನಿಮಿಷದಲ್ಲೇ ಸ್ಫೋಟಿಸುವ ಹಾಡುಗಳು. ತಟ್ಟೆಯೇ ಬೇಕೆಂದರೆ ಗುಂಡು ಮೂತಿಯ ಅಗ್ಗದ ಮುಳ್ಳನ್ನು ಬಿಟ್ಟು ಅಂಡಾಕಾರದ್ದನ್ನು ಹಾಕಿ, ತೋಳಿನ ತೂಕ ಕಂಪನಿ ಹೇಳಿದಷ್ಟೇ ಇರಲಿ.

ಸ್ಟ್ರೀಮಿಂಗ್‌ನಲ್ಲಿ ಕೇಳುವುದಕ್ಕೂ ಅಡ್ಡಿಯಿಲ್ಲ. ತೊಂದರೆ ಇರುವುದು ಕೇಳುವ ಉಪಕರಣದಲ್ಲಿ. ಡ್ರಾಪ್ ಡಿ ಮಾಡಿದಾಗ ಗಿಟಾರಿನ ಕೆಳಸ್ವರ 73 ಹರ್ಟ್ಸ್, ಬೇಸ್ ಗಿಟಾರಿನದು 36.7. ಮೊಬೈಲ್ ಮತ್ತು ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರುಗಳು ಇದರ ಹತ್ತಿರಕ್ಕೂ ಇಳಿಯುವುದಿಲ್ಲ. ಅರ್ಧ ತಂಡ ಕಾಣೆಯಾಗಿ, ಕಿರುಚಾಟ ಮಾತ್ರ ಉಳಿಯುತ್ತದೆ. ಈ ಆಲ್ಬಂ ಬರೀ ಗದ್ದಲ ಎನ್ನುವವರಲ್ಲಿ ಎಷ್ಟು ಜನ ಹೀಗೆ ಕೇಳಿದ್ದಾರೋ. ಬೇಸ್ ಬೂಸ್ಟ್ ಒತ್ತಿದ ಇಯರ್‌ಬಡ್ ಇನ್ನೊಂದು ತಪ್ಪು: ಡ್ರಮ್ಮಿನ ಒದೆತವೂ ಬೇಸಿನ ತಂತಿಯೂ ಕಲಸಿ ಮುದ್ದೆಯಾಗುತ್ತವೆ. ಬೂಸ್ಟ್ ತೆಗೆದು, ಸಾಧಾರಣ ತಂತಿ ಹೆಡ್‌ಫೋನ್ ಹಾಕಿ, ವಾಲ್ಯೂಮ್ ತುಸು ಏರಿಸಿ. ಆ ಕಾಲದ ಸಿಡಿಗಳನ್ನು ಇಂದಿನಷ್ಟು ಜೋರಾಗಿ ಹಿಂಡಿರಲಿಲ್ಲ, ಮೆಲ್ಲಗಿನದಕ್ಕೂ ಜೋರಿಗೂ ಅಂತರವಿದೆ. ಹೊಸ ಸ್ಪೀಕರ್ ಕೊಳ್ಳಲು ಹೋದವರು ‘ಟೇಕ್ ದ ಪವರ್ ಬ್ಯಾಕ್’ನ ಮೊದಲ ನಿಮಿಷ ಹಾಕಿಸಿ: ಬೇಸಿನ ಬಡಿತ ಮತ್ತು ಕಾಲಿನ ಡ್ರಮ್ ಎರಡೂ ಬೇರೆಬೇರೆಯಾಗಿ ಕೇಳಿಸಿದರೆ ಸ್ಪೀಕರ್ ಪಾಸು.

ಈ ತಂಡವನ್ನು ಎದುರಿಗೆ ಕೇಳುವ ಆಸೆ ಬಿಡುವುದು ಒಳ್ಳೆಯದು. 1996 ಮತ್ತು 1999ರಲ್ಲಿ ಇನ್ನೆರಡು ಆಲ್ಬಂ, 2000ದಲ್ಲಿ ಬೇರೆಯವರ ಹಾಡುಗಳದೊಂದು, ಅಷ್ಟರಲ್ಲಿ ಡಿ ಲಾ ರೋಚಾ ಹೊರನಡೆದಿದ್ದರು. 2007ರಲ್ಲಿ ಮತ್ತೆ ಸೇರಿದರು. 2022ರ ಪ್ರವಾಸದಲ್ಲಿ ಶಿಕಾಗೊ ಕಚೇರಿಯ ನಡುವೆ ಡಿ ಲಾ ರೋಚಾ ಅವರ ಕಾಲಿಗೆ ಪೆಟ್ಟಾಯಿತು, ಮುಂದಿನ ಕೆಲವು ಕಚೇರಿಗಳನ್ನು ಕೂತೇ ಹಾಡಿದರು, ಆಮೇಲೆ ಉಳಿದ ಪ್ರವಾಸ ರದ್ದಾಯಿತು. ಮತ್ತೆ ಪ್ರವಾಸ ಇಲ್ಲ ಎಂದು ವಿಲ್ಕ್ 2024ರ ಜನವರಿಯಲ್ಲಿ ತಿಳಿಸಿದರು.

ಆಲ್ಬಂನ ಕೊನೆಯ ಹಾಡು ‘ಫ್ರೀಡಂ’ ಬಗ್ಗೆ ಬೇರೆಯೇ ಹೇಳಬೇಕು. ಅದರ ವಿಡಿಯೋ ಲಿಯೊನಾರ್ಡ್ ಪೆಲ್ಟಿಯರ್ ಎಂಬ ಮೂಲನಿವಾಸಿ ಹೋರಾಟಗಾರನ ಬಿಡುಗಡೆಗಾಗಿ ಮಾಡಿದ್ದು. 1975ರಲ್ಲಿ ಪೈನ್ ರಿಡ್ಜ್ ಎಂಬಲ್ಲಿ ಇಬ್ಬರು ಎಫ್‌ಬಿಐ ಅಧಿಕಾರಿಗಳು ಸತ್ತ ಪ್ರಕರಣದಲ್ಲಿ 1977ರಲ್ಲಿ ಆತನಿಗೆ ಎರಡು ಜೀವಾವಧಿ ಶಿಕ್ಷೆಯಾಗಿತ್ತು. ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲ ಎಂಬ ದೂರು ದಶಕಗಳ ಕಾಲ ಕೇಳಿಬಂತು. 2025ರ ಜನವರಿಯಲ್ಲಿ ಅಧ್ಯಕ್ಷ ಬೈಡನ್ ಶಿಕ್ಷೆಯನ್ನು ಗೃಹಬಂಧನಕ್ಕೆ ಇಳಿಸಿದರು, ಫೆಬ್ರವರಿ 18ರಂದು ಪೆಲ್ಟಿಯರ್ ಜೈಲಿನಿಂದ ಹೊರಬಂದರು. ಹಾಡು ಬಂದು ಆಗಲೇ 32 ವರ್ಷ.

ಇನ್ನೂ ಖರ್ಚು ಮಾಡುವ ಮನಸ್ಸಿದ್ದವರಿಗೆ 2012ರ ನವೆಂಬರಿನಲ್ಲಿ ಬಂದ ಇಪ್ಪತ್ತನೇ ವರ್ಷದ ಪೆಟ್ಟಿಗೆ ಇದೆ: ಆಲ್ಬಂನ ಸಿಡಿ, ಎಲ್‌ಪಿ, ಫಿನ್ಸ್‌ಬರಿ ಪಾರ್ಕಿನ ಕಚೇರಿಯ ಡಿವಿಡಿ, ಹಳೆಯ ವಿಡಿಯೋಗಳು. ಅದರಲ್ಲಿ ನಿಜವಾಗಿ ಬೆಲೆಯುಳ್ಳದ್ದು 1991ರ ಡೆಮೊ, ಅಂದರೆ ಆಲ್ಬಂಗೆ ಮುಂಚಿನ ಮಾದರಿ ಮುದ್ರಣ, ಹನ್ನೆರಡು ಹಾಡಿನದು. ಮೂಲದಲ್ಲಿ ಅದು ಕಚೇರಿಗಳಲ್ಲಿ ಕೈಯಿಂದ ಕೈಗೆ ಮಾರಿದ ಕ್ಯಾಸೆಟ್, ಷೇರುಪೇಟೆಯ ಪುಟದ ಚಿತ್ರಕ್ಕೆ ಒಂದು ಬೆಂಕಿಕಡ್ಡಿ ಅಂಟಿಸಿದ ಹೊದಿಕೆ. ಪೂರ್ತಿ ಪೆಟ್ಟಿಗೆ ಬೇಡವಾದರೆ ಎರಡು ಸಿಡಿಯ ಆವೃತ್ತಿ ಸಾಕು. ಡೆಮೊದ ‘ಬುಲೆಟ್ ಇನ್ ದ ಹೆಡ್’ ಬಂದಾಗ ಗಮನವಿಟ್ಟು ಕೇಳಿ, ಆಲ್ಬಂನಲ್ಲಿ ಕೇಳಿದ್ದೇ ಮತ್ತೆ ಬಂತೇ ಎಂದು ಅನುಮಾನ ಬರುತ್ತದೆ. ಅನುಮಾನ ಸರಿ. ಸೌಂಡ್ ಸಿಟಿಯ ನೀವ್ ಕನ್ಸೋಲ್, ಸೋನಿಯ ದುಡ್ಡು ಎಲ್ಲ ಕೈಗೆ ಬಂದಮೇಲೂ ಆ ಒಂದು ಹಾಡಿಗೆ ಅವರು ಉಳಿಸಿಕೊಂಡದ್ದು ಕ್ಯಾಸೆಟ್ಟಿನಲ್ಲಿದ್ದ ಮುದ್ರಣವನ್ನೇ.